ನಾಲಿಗೆಯ ತವರು

2023ರ ಆಷಾಢದ ಒಂದು ಮಧ್ಯಾಹ್ನ. ಊಟ ಮುಗಿಸಿ, ಒಲೆಕಟ್ಟೆ ಒರೆಸಿ, ಇನ್ನು ಸ್ವಲ್ಪ ಹೊತ್ತು ಅಡ್ಡಾಗೋಣ ಎಂದುಕೊಳ್ಳುವಷ್ಟರಲ್ಲಿ ಗೇಟಿನ ಸದ್ದಾಯಿತು. ತಾಯಿ ಮಗಳು ಇಬ್ಬರು ನಿಂತಿದ್ದರು. ತಾಯಿಯ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಮಗಳ ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಮೂವತ್ತೈದು ವರ್ಷ ಮಂಡ್ಯ ಜಿಲ್ಲೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಹೇಳಿದವಳು ನಾನು. ಎಲ್ಲಿ ಹೋದರೂ ಶಿಷ್ಯೆಯರು. ಆದರೆ ಮುಖ ನೆನಪಿದ್ದರೆ ಹೆಸರಿಲ್ಲ, ಹೆಸರು ನೆನಪಿದ್ದರೆ ಮುಖವಿಲ್ಲ. ನಾನು ತಡವರಿಸುವುದನ್ನು ಕಂಡು ಅವಳೇ ನಕ್ಕು, "ನೈಂತ್ ಬೀಲಿದ್ದೆ ಮಿಸ್. ಹ್ಯಾಪಲ್ಲು" ಎಂದಳು.

ನನ್ನ ನಿದ್ದೆ ಹಾರಿಹೋಯಿತು. ಆ ಹೆಸರಿನ ಕಥೆಯನ್ನು ಆಮೇಲೆ ಹೇಳುತ್ತೇನೆ.

ಮಗಳು ಬಿ.ಕಾಂ. ಮುಗಿಸಿದ್ದಳು. ಹೊರದೇಶದ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡಿ ಅವರ ಲೆಕ್ಕದ ತಕರಾರು ಬಗೆಹರಿಸುವ ಕೆಲಸಕ್ಕೆಂದು ಬೆಂಗಳೂರಿನ ಒಂದು ಕಂಪನಿಗೆ ಹೋಗಿದ್ದಳು. ಲೆಕ್ಕದ ಪರೀಕ್ಷೆ ಪಾಸಾಯಿತಂತೆ. ಮಾತಿನ ಪರೀಕ್ಷೆಯಲ್ಲಿ ನಿಂತುಹೋಯಿತು. "ನಿಮಗೆ ಎಂ.ಟಿ.ಐ. ಜಾಸ್ತಿ ಇದೆ, ಕಡಿಮೆ ಮಾಡ್ಕೊಂಡು ಮೂರು ತಿಂಗಳು ಬಿಟ್ಟು ಬನ್ನಿ" ಎಂದು ಕಳಿಸಿದ್ದಾರೆ. ತಾಯಿಯ ಕಿವಿಗೆ ಅದು ರಕ್ತಪರೀಕ್ಷೆಯ ರಿಪೋರ್ಟಿನ ಹಾಗೆ ಕೇಳಿಸಿದೆ. ಸಕ್ಕರೆ ಜಾಸ್ತಿ, ಬಿ.ಪಿ. ಜಾಸ್ತಿ ಅನ್ನುವಂತೆ ಎಂ.ಟಿ.ಐ. ಜಾಸ್ತಿ! "ಅದೇನು ಕಾಯ್ಲೆ ಅಂತ ನೀವಾದ್ರೂ ಯೋಳಿ ಮಿಸ್" ಎಂದಳು.

ಮಗಳಿಗೆ ಅರ್ಥ ಗೊತ್ತಿತ್ತು. ಗೊತ್ತಿದ್ದೂ ಅಮ್ಮನಿಗೆ ಹೇಳಿರಲಿಲ್ಲ. ಆ ಹುಡುಗಿಗಿದ್ದ ಬುದ್ಧಿ ನನಗಿರಲಿಲ್ಲ ನೋಡಿ. ಮೇಷ್ಟ್ರ ಚಟ, ಯೋಚಿಸದೆ ಬಿಡಿಸಿ ಹೇಳಿಬಿಟ್ಟೆ. "ಮದರ್ ಟಂಗ್ ಇನ್‌ಫ್ಲುಯೆನ್ಸ್ ಅಂತ. ತಾಯಿನುಡಿಯ ಪ್ರಭಾವ."

ಅವಳು ಸೋಫಾದ ಅಂಚಿನಲ್ಲಿ ಕೂತಿದ್ದವಳು ಇನ್ನಷ್ಟು ಅಂಚಿಗೆ ಸರಿದಳು. "ಅಂದ್ರೆ ನನ್ ದೆಸೆಯಿಂದ್ಲೇ ಕೆಲ್ಸ ಓಯ್ತು ಅಂತಾಯ್ತಾ ಮಿಸ್?"

ತಾಯಿಯಿಂದ ಬಂದದ್ದನ್ನು ಒಂದು ರೋಗದ ಹೆಸರಾಗಿ ಬರೆದಿಡುತ್ತಾರೆಂದು ನನಗೆ ಹೊಳೆದದ್ದು ಆಗಲೇ. ಬೆಂಗಳೂರಿನ ಫೋನ್ ಕಂಪನಿಗಳಲ್ಲಿ ಈ ಮೂರಕ್ಷರ ಬಳಕೆಗೆ ಬಂದು ಎರಡು ದಶಕಗಳೇ ಆಗಿವೆ. ನನ್ನ ಕಿವಿಯ ಮೇಲೂ ಎಷ್ಟೋ ಸಲ ಬಿದ್ದಿತ್ತು. ಬಿಡಿಸಿ ನೋಡಿರಲಿಲ್ಲ, ಅಷ್ಟೆ.

ಈಗ ಹ್ಯಾಪಲ್ಲಿನ ಕಥೆ.

ಆಗ ಸರ್ಕಾರಿ ಶಾಲೆಗಳಲ್ಲಿ ಐದನೇ ತರಗತಿಗೆ ಎಬಿಸಿಡಿ ಶುರು. ಒಂಬತ್ತಕ್ಕೆ ಬರುವ ಹೊತ್ತಿಗೆ ಮಕ್ಕಳು ಓದುತ್ತಿದ್ದರು, ಬರೆಯುತ್ತಿದ್ದರು; ಬಾಯಿ ಬಿಡುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಹಾಲು ಆಲು, ಹೂವು ಊವು, ಹೌದು ಔದು. ಅದೇ ನಾಲಿಗೆಗೆ ಹೌಸು ಔಸಾಗುತ್ತದೆ, ಹಾರ್ಸು ಆರ್ಸಾಗುತ್ತದೆ. 1994ರಲ್ಲಿ ಆರು ಕಿಲೋಮೀಟರ್ ದೂರದ ಹಳ್ಳಿಯಿಂದ ನಡೆದು ಬರುತ್ತಿದ್ದ ಈ ಹುಡುಗಿಗೆ ನಾನು ದಿನಾ ಹೇಳುತ್ತಿದ್ದೆ, "ಹಕಾರ ನುಂಗಬೇಡ, ಹಕಾರ ನುಂಗಬೇಡ." ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದಳು. ಒಂದು ದಿನ ಬೋರ್ಡಿನ ಮೇಲೆ 'ಅವನು ಒಂದು ಸೇಬು ತಿಂದ' ಎಂಬರ್ಥದ ನಾಲ್ಕು ಶಬ್ದದ ವಾಕ್ಯ ಬರೆದು ಅವಳನ್ನು ಎಬ್ಬಿಸಿದೆ. ಎದೆಯುಬ್ಬಿಸಿ ನಿಂತು, ಒಂದೇ ಒಂದು ಹಕಾರವೂ ತಪ್ಪದಂತೆ ಓದಿದಳು. "ಹಿ ಹೇಟ್ ಹ್ಯಾನ್ ಹ್ಯಾಪಲ್."

ತಿಂದವನು ದ್ವೇಷಿಸಿದವನಾಗಿಬಿಟ್ಟಿದ್ದ. ಕ್ಲಾಸೆಲ್ಲ ಗೊಳ್ಳೆಂದಿತು. ಕ್ಲಾಸು ನಕ್ಕಿದ್ದಿರಲಿ, ನಾನೂ ನಕ್ಕೆ. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಕ್ಕೆ. ಅವಳು ಕೂತಳು. ಆ ವರ್ಷವಾಗಲಿ ಮುಂದಿನ ವರ್ಷವಾಗಲಿ ಮತ್ತೆ ಓದಲು ಏಳಲಿಲ್ಲ. ಎಬ್ಬಿಸಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದರಲ್ಲಿ ಫೇಲಾದಳೆಂದು ಆಮೇಲೆ ತಿಳಿಯಿತು. ಪರೀಕ್ಷೆ ಬರೆಯುವುದು ಕೈ, ನಾಲಿಗೆಯಲ್ಲವಲ್ಲ, ನನ್ನ ನಗುವಿಗೂ ಅದಕ್ಕೂ ಏನು ಸಂಬಂಧ ಎಂದು ನನಗೆ ನಾನೇ ವಾದ ಹೂಡಿಕೊಂಡದ್ದುಂಟು. ವಾದ ಗೆದ್ದೆ. ಸಮಾಧಾನವಾಗಲಿಲ್ಲ.

ಅವಳು ಮಾಡಿದ್ದು ತಪ್ಪೇ ಅಲ್ಲವಲ್ಲ, ವಿಧೇಯತೆ. ನಾನು ಹಾಕು ಎಂದದ್ದನ್ನು ಎಲ್ಲೆಡೆ ಹಾಕಿದಳು. ಎಲ್ಲಿ ಹಾಕಬಾರದೆಂದು ಹೇಳಿಕೊಡುವ ಕೆಲಸ ನನ್ನದಾಗಿತ್ತು.

ನಿವೃತ್ತಳಾದ ಮೇಲೆ ಬಿಡುವಿನಲ್ಲಿ ಇದನ್ನೆಲ್ಲ ಓದತೊಡಗಿದೆ. ಮೂವತ್ತೈದು ವರ್ಷ ಮಕ್ಕಳ ಉಚ್ಚಾರ ತಿದ್ದಿದವಳು, ಆ ಉಚ್ಚಾರ ಎಲ್ಲಿಂದ ಬರುತ್ತದೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಕೆನಡಾದ ವಿಜ್ಞಾನಿಗಳು ಪ್ರಕಟಿಸಿದ ಒಂದು ಪ್ರಯೋಗ ನನ್ನ ಕಣ್ಣು ತೆರೆಸಿತು. ಇಂಗ್ಲಿಷಿನ ಮನೆಯಲ್ಲಿ ಬೆಳೆಯುವ ಕೂಸುಗಳಿಗೆ ಅವರು ಹಿಂದಿಯ ತಕಾರ, ಟಕಾರಗಳನ್ನು ಕೇಳಿಸಿದರು. ಇಂಗ್ಲಿಷ್ ದೊಡ್ಡವರ ಕಿವಿಗೆ ಆ ಎರಡೂ ಹೆಚ್ಚುಕಡಿಮೆ ಒಂದೇ. ನಮ್ಮ ಹತ್ತಿ ಮತ್ತು ಹಟ್ಟಿ ಅವರಿಗೆ ಒಂದೇ ಮಾತು. ಆದರೆ ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿ ತಲೆ ತಿರುಗಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹುಪಾಲು ಹೋಗಿತ್ತು. ಹಿಂದಿಯ ಮನೆಯ ಮಕ್ಕಳಲ್ಲಿ ಮಾತ್ರ ಉಳಿದಿತ್ತು.

ಬಾಣಂತಿಕೋಣೆ ಕಂಡವರಿಗೆಲ್ಲ ಇದು ಒಳಗೆಲ್ಲೋ ಗೊತ್ತಿರುವ ವಿಷಯವೇ. ಕೂಸಿಗೆ ಎಣ್ಣೆ ಹಚ್ಚುತ್ತ, ನೀರು ಹೊಯ್ಯುತ್ತ, ತೊಟ್ಟಿಲು ತೂಗುತ್ತ ನಾವು ಏನೇನೋ ಆಡುತ್ತೇವಲ್ಲ, ಅದನ್ನು ಕೇಳಿಸಿಕೊಂಡು ಅದು ತನ್ನ ಮನೆ ಕಟ್ಟಿಕೊಳ್ಳುತ್ತಿರುತ್ತದೆ. ಈ ಮನೆಗೆ ಬೇಕಾದ ಭೇದಗಳನ್ನು ಒಳಗಿಟ್ಟುಕೊಂಡು ಬೇಡದವುಗಳ ಬಾಗಿಲು ಮುಂದೆ ಮಾಡುತ್ತದೆ. ನಡೆಯಲು ಕಲಿಯುವ ಮೊದಲೇ ಇಷ್ಟು ಸಂಸಾರ! ಹದಿನಾಲ್ಕು ವರ್ಷವಾದ ಮೇಲೆ ನಾನು ಬಂದು ಬೆತ್ತ ಹಿಡಿದು, ಆ ಬಾಗಿಲು ಯಾಕೆ ಮುಚ್ಚಿದೆ ಎಂದು ಗದರಿದರೆ ಮಗು ಏನು ಹೇಳೀತು?

ಕನ್ನಡದ ಮನೆಯ ಕಟ್ಟಳೆಗಳಂತೂ ಹಳೆಯವು. ಬಸ್ಸು, ಬುಕ್ಕು, ಕಾರು, ಲೈಟು ಎನ್ನುವ ನಮ್ಮನ್ನು ನೋಡಿ ಪಟ್ಟಣದವರು ನಗುತ್ತಾರೆ. ಕೊನೆಗೊಂದು ಉಕಾರ ಅಂಟಿಸುತ್ತೇವೆಂದು. ಆದರೆ ಹಳಗನ್ನಡದ ಕಣ್, ಕಲ್, ಮಣ್ ಎಂಬ ಶಬ್ದಗಳು ಕಣ್ಣು, ಕಲ್ಲು, ಮಣ್ಣು ಆದದ್ದು ಹೀಗೆಯೇ ಅಲ್ಲವೆ? ಹಿಂದಿನ ಸ್ವರ ಚಿಕ್ಕದಾದರೆ ವ್ಯಂಜನ ಇಮ್ಮಡಿಯಾಗಿ ಕೊನೆಗೆ ಉಕಾರ. ದೊಡ್ಡದಾದರೆ ಕಾಲ್ ಕಾಲು, ನೀರ್ ನೀರು ಆದಂತೆ ಬರಿಯ ಉಕಾರ. ಬಸ್ಸು ಕಣ್ಣಿನ ದಾರಿ ಹಿಡಿಯಿತು, ಕಾರು ಕಾಲಿನ ದಾರಿ. ಹೊರಗಿನಿಂದ ಬಂದ ಶಬ್ದವನ್ನು ಹೊಸ ಸೊಸೆಯಂತೆ ನಡೆಸಿಕೊಂಡಿದೆ ಭಾಷೆ. ಬಂದವಳಿಗೆ ಈ ಮನೆಯ ಸೀರೆ ಉಡಿಸಿತು. ಎಗ್ಗನ್ನು ಯೆಗ್ಗೆನ್ನುವುದೂ, ಓನ್ಲಿಯನ್ನು ವೋನ್ಲಿ ಎನ್ನುವುದೂ ಇದೇ ಬಗೆ. ಎಲೆಯನ್ನು ನಾವು ಬರೆಯುವುದು ಎಲೆ ಎಂದಾದರೂ ಬಾಯಲ್ಲಿ ಬರುವುದು ಯೆಲೆ ಅಂತಲೇ. ನಂಬದಿದ್ದರೆ ನೀವೇ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ.

ಇನ್ನು ನನ್ನ ಜೀವ ತೆಗೆದ ಆ ಹಕಾರ. ಹಳಗನ್ನಡದಲ್ಲಿ ಹಾಲು ಇರಲೇ ಇಲ್ಲ, ಇದ್ದದ್ದು ಪಾಲ್. ಪುಲಿ ಹುಲಿಯಾದಂತೆ, ಪೂ ಹೂವಾದಂತೆ ಪಾಲು ಹಾಲಾಯಿತು. ತುಟಿ ಬಿಗಿಹಿಡಿದು ಆಡುತ್ತಿದ್ದ ಪಕಾರ ಬರಿಯ ಉಸಿರಾಗಿ ಹಕಾರವಾಯಿತು. ನಮ್ಮ ಹಳ್ಳಿಯವರು ಆ ಉಸಿರನ್ನೂ ಬಿಟ್ಟು ಆಲು ಎಂದರು. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು, ಅಷ್ಟೆ. ಮೊದಲ ಹೆಜ್ಜೆ ಇಟ್ಟ ಕಾಲದಲ್ಲೂ ಯಾರೋ ಒಬ್ಬ ಉಪಾಧ್ಯಾಯರು ಪಕಾರ ನುಂಗಬೇಡಿ ಎಂದು ಗದರಿರಬಹುದು ಎಂದುಕೊಂಡರೆ ನಗು ಬರುತ್ತದೆ. ಸಾಲದೆಂಬಂತೆ ಲಂಡನ್ನಿನ ಬಡವರೂ ಹಕಾರ ಬಿಡುವವರೇ. ಬರ್ನಾರ್ಡ್ ಷಾ 1913ರ 'ಪಿಗ್ಮೇಲಿಯನ್' ನಾಟಕದಲ್ಲಿ ಹೂಮಾರುವ ಹುಡುಗಿಯೊಬ್ಬಳ ಮಾತನ್ನು ತಿದ್ದಲು ಒಬ್ಬ ಪ್ರೊಫೆಸರನನ್ನು ಕೂರಿಸಿದ. 1964ರ 'ಮೈ ಫೇರ್ ಲೇಡಿ' ಸಿನಿಮಾ ನಿಮ್ಮಲ್ಲಿ ಕೆಲವರು ನೋಡಿರಬಹುದು. ಆರು ತಿಂಗಳಲ್ಲಿ ಅವಳನ್ನು ದೊಡ್ಡ ಮನೆತನದವಳಂತೆ ಮಾತಾಡಿಸುತ್ತೇನೆಂದು ಪಂಥ ಕಟ್ಟಿ ಅವನು ಗೆಲ್ಲುತ್ತಾನೆ. ಗೆದ್ದ ರಾತ್ರಿ ಅವಳು ಕೇಳುತ್ತಾಳೆ, ಇನ್ನು ನನ್ನ ಗತಿಯೇನು ಎಂದು. ಆ ಪ್ರಶ್ನೆ ಅವನಿಗೆ ಅರ್ಥವೇ ಆಗುವುದಿಲ್ಲ.

ನಮ್ಮನ್ನಾಳಿದವರು ನಮ್ಮ ಹೆಸರುಗಳನ್ನು ಏನು ಮಾಡಿದರು ನೋಡಿ. ಮಡಿಕೇರಿ ಮರ್ಕೇರಾ ಆಯಿತು, ಶ್ರೀರಂಗಪಟ್ಟಣ ಸೆರಿಂಗಪಟಂ ಆಯಿತು. ಬೆಂಗಳೂರಿನ ಳಕಾರ ಅವರ ಬಾಯಿಗೆ ಬರಲಿಲ್ಲ. ಅವರ ನಾಲಿಗೆಗೂ ತವರಿತ್ತು, ಅದರಲ್ಲಿ ತಪ್ಪೇನಿಲ್ಲ. ಆದರೆ ಅವರ ಬಾಯಿಗೆ ಬಾರದ್ದನ್ನು ನಾವು ನಕ್ಕು ತಿದ್ದಲಿಲ್ಲ. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಹಾಗೆಯೇ ಬರೆದುಕೊಂಡೆವು. 2014ರ ನವೆಂಬರ್ ಒಂದರಂದು ಹನ್ನೆರಡು ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ನಾವು ಕರೆಯುವಂತೆ ಬರೆಯಬೇಕೆಂದು ಸರ್ಕಾರ ಬದಲಾಯಿಸುವವರೆಗೆ ನಮ್ಮ ಊರುಗಳು ಅವರ ಉಚ್ಚಾರದೋಷವನ್ನು ಹಣೆಯ ಮೇಲೆ ಹೊತ್ತು ನಿಂತಿದ್ದವು. ಒಬ್ಬರ ನಾಲಿಗೆ ತಪ್ಪಿದರೆ ಭೂಪಟ ಬದಲಾಗುತ್ತದೆ, ಇನ್ನೊಬ್ಬರ ನಾಲಿಗೆ ತಪ್ಪಿದರೆ ಕೆಲಸ ಹೋಗುತ್ತದೆ. ಫ್ರೆಂಚರವನು ತನ್ನ ಧಾಟಿಯಲ್ಲಿ ಇಂಗ್ಲಿಷ್ ಆಡಿದರೆ ಎಷ್ಟು ಚಂದ ಎನ್ನುವವರೇ, ಮದ್ದೂರಿನ ಹುಡುಗಿ ತನ್ನ ಧಾಟಿಯಲ್ಲಿ ಆಡಿದರೆ ಎಂ.ಟಿ.ಐ. ಎನ್ನುತ್ತಾರೆ.

ಹಾಗಾದರೆ ತಿದ್ದುವುದೇ ತಪ್ಪೆ? ಇಲ್ಲಿ ನಾನು ಸುಲಭವಾಗಿ ಜಾರಿಕೊಳ್ಳಲಾರೆ. ಆ ಹುಡುಗಿ ನನ್ನ ಹತ್ತಿರ ಬಂದದ್ದು ಕನ್ನಡದ ಹಿರಿಮೆ ಕೇಳುವುದಕ್ಕಲ್ಲ. ಅವಳಿಗೆ ಕೆಲಸ ಬೇಕಿತ್ತು. ಪಾಲು, ಹಾಲು, ಆಲು ಎಂದು ನಾನು ಚರಿತ್ರೆ ಹೇಳಿ ಕಳಿಸಿದ್ದರೆ ಅದಕ್ಕಿಂತ ದೊಡ್ಡ ಕ್ರೌರ್ಯವಿರುತ್ತಿರಲಿಲ್ಲ. ಪಿಂಚಣಿ ಬರುವವಳಿಗೆ ಅಭಿಮಾನ ಅಗ್ಗ. ಜೊತೆಗೆ, ಕೇಳುವವರಿಗೆ ಅರ್ಥವಾಗಬೇಕಾದ್ದೂ ನ್ಯಾಯವೇ. ನಾವು ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ಫಿಫ್ಟೀನ್, ಫಿಫ್ಟಿ ಎಂದರೆ ಕೇಳುವವರಿಗೆ ಹದಿನೈದೋ ಐವತ್ತೋ ಎಂದು ಗೊಂದಲವಾಗಬಹುದು. ಔಷಧದ ಪ್ರಮಾಣ ಹೇಳುವ ನರ್ಸಮ್ಮನ ಬಾಯಲ್ಲಿ ಅದು ಸಣ್ಣ ವಿಷಯವಲ್ಲ. ಅಂಥ ಕಡೆ ತಿದ್ದದೆ ಬಿಡುವುದು ದಯೆಯಲ್ಲ, ಸೋಮಾರಿತನ.

ತೊಡಕಿರುವುದು ಅರ್ಥವಾದ ಮೇಲೂ ತಿದ್ದುವುದರಲ್ಲಿ. 'ಔಸ್' ಎಂದರೆ ಮನೆಯೆಂದು ಕ್ಲಾಸಿನಲ್ಲಿ ಯಾರಿಗೆ ಅರ್ಥವಾಗುತ್ತಿರಲಿಲ್ಲ? ಆದರೂ ತಿದ್ದುತ್ತಿದ್ದೆ. ಅದು ಅರ್ಥಕ್ಕಾಗಿ ಆಗಿರಲಿಲ್ಲ. ನೀನು ಯಾವ ಮನೆಯಿಂದ ಬಂದವಳೆಂದು ನನಗೆ ತಿಳಿಯಿತು ಎಂದು ಹೇಳುವ ಒಂದು ಬಗೆ ಅದು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಇದರ ಘೋರವಾದ ಒಂದು ಕಥೆಯಿದೆ. ಯುದ್ಧದಲ್ಲಿ ಸೋತ ಎಫ್ರಾಯೀಮ್ಯರು ಹೊಳೆ ದಾಟಿ ತಪ್ಪಿಸಿಕೊಳ್ಳಲು ಬಂದಾಗ, ಗೆದ್ದ ಗಿಲ್ಯಾದಿನವರು ಒಬ್ಬೊಬ್ಬರಿಗೂ 'ಷಿಬ್ಬೋಲೆತ್' ಎಂದು ಹೇಳಿಸಿದರಂತೆ. ತೆನೆ ಎಂದು ಅದರ ಅರ್ಥ. ಎಫ್ರಾಯೀಮ್ಯರ ನಾಲಿಗೆಗೆ ಷಕಾರ ಹೊರಳದು, 'ಸಿಬ್ಬೋಲೆತ್' ಎನ್ನುತ್ತಿದ್ದರು. ಎಂದವರನ್ನೆಲ್ಲ ಅಲ್ಲೇ ಕೊಂದರು. ಸತ್ತವರ ಲೆಕ್ಕ 42,000 ಎಂದು ಅಲ್ಲಿ ಬರೆದಿದೆ. ಶಂಕರನನ್ನು ಸಂಕರ ಎನ್ನುವ ನಮ್ಮ ಎಷ್ಟು ಜನ ಆ ಹೊಳೆ ದಾಟುತ್ತಿದ್ದರೋ! ಅಲ್ಲಿ ಯಾರಿಗೂ ತೆನೆ ಬೇಕಾಗಿರಲಿಲ್ಲ.

ನಾನೇಕೆ ನಕ್ಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. 1982ರಲ್ಲಿ ಬೆಂಗಳೂರಿನಲ್ಲಿ ಒಂದು ತಿಂಗಳ ತರಬೇತಿಗೆ ಹೋಗಿದ್ದೆ. ಅಲ್ಲಿ ನನ್ನ ವಿದ್ಯಾರ್ಹತೆ ಕೇಳಿದವರಿಗೆ "ಯೆಂ.ಎ." ಎಂದೆ. "ಅದು ಯಾವ ಡಿಗ್ರಿ?" ಎಂದರು ತರಬೇತಿ ಕೊಡುವವರು. ಕೋಣೆ ತುಂಬ ನಗು. ಆ ರಾತ್ರಿ ಹಾಸ್ಟೆಲಿನ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಬಿಟ್ಟು, ಆ ಸದ್ದಿನಲ್ಲಿ ಎಂ, ಎಂ, ಎಂ ಎಂದು ಅಭ್ಯಾಸ ಮಾಡಿದ್ದು ನೆನಪಿದೆ. ತಿಪಟೂರಿನ ಕಡೆಯಿಂದ ಮದುವೆಯಾಗಿ ಬಂದಾಗ ನನ್ನ ಸಾರಿನ ರುಚಿ ನೋಡಿ ಅತ್ತೆ, "ನಿಮ್ಮ ಕಡೆ ಹೀಗೇನು?" ಎಂದಿದ್ದರು. ಆ ಮಾತು ಎಷ್ಟು ಚುಚ್ಚಿತೆಂದರೆ, ಮಗನಿಗೆ ಮದುವೆಯಾದ ಮೇಲೆ ಸೊಸೆಯ ಹುಳಿ ಬಾಯಿಗಿಟ್ಟು ನಾನೂ ಅದನ್ನೇ ಅಂದೆ. ಅಕ್ಷರವೂ ಹೆಚ್ಚುಕಡಿಮೆಯಾಗಲಿಲ್ಲ. ಕ್ಲಾಸಿನಲ್ಲಿ ನಕ್ಕವಳೂ ಆ ಬಚ್ಚಲಿನವಳೇ ಇರಬೇಕು.

ಮಗಳಿಗೆ ಪಾಠ ಶುರುಮಾಡಿದೆವು, ವಾರಕ್ಕೆ ಮೂರು ಮಧ್ಯಾಹ್ನ. ಮೊದಲ ದಿನವೇ ಅವಳಿಗೆ ಹೇಳಿದೆ, ನಿನ್ನದನ್ನು ಕಿತ್ತುಹಾಕುವುದಿಲ್ಲ, ಹೊರಗೆ ಹೋಗುವಾಗ ಉಡಲು ಇನ್ನೊಂದು ಸೀರೆ ಕೊಡುತ್ತೇನೆ ಎಂದು. (ಚೂಡಿದಾರದ ಹುಡುಗಿಗೆ ಈ ಹೋಲಿಕೆ ಎಷ್ಟು ತಟ್ಟಿತೋ!) ಮೇಲಿನ ಹಲ್ಲು ಕೆಳದುಟಿಗೆ ತಾಗಿಸಿ ಫ್ಯಾನ್ ಹೇಳು, ತುಟಿ ದುಂಡಗೆ ಮಾಡಿ ವೆಸ್ಟ್ ಎಂದರೆ ಪಶ್ಚಿಮ, ಹಲ್ಲು ತಾಗಿಸಿ ವೆಸ್ಟ್ ಎಂದರೆ ಬನಿಯನ್ನು. ಬಾಯೆದುರು ಒಂದು ಚೂರು ಕಾಗದ ಹಿಡಿದು ಪಿನ್ ಎನ್ನು, ಕಾಗದ ಅಲುಗಬೇಕು. ಅಲುಗದಿದ್ದರೆ ಅತ್ತಕಡೆಯವರಿಗೆ ಬಿನ್ ಎಂದು ಕೇಳಿಸೀತು. ತಮಾಷೆಯೆಂದರೆ, ಅವರ ಆ ಪಕಾರ ನಮ್ಮ ಫಲದ ಮಹಾಪ್ರಾಣಕ್ಕೆ ಹತ್ತಿರ. ಅದು ನಮ್ಮ ವರ್ಣಮಾಲೆಯಲ್ಲಿ ಇದೆ, ಬಾಯಲ್ಲಿ ಇಲ್ಲ.

ತಾಯಿ ಟೈಲರಿಂಗ್ ಅಂಗಡಿ ಮುಚ್ಚಿ ಮಗಳ ಜೊತೆ ಬಂದು, ಬಾಗಿಲ ಪಕ್ಕ ಕೂತು, ಬ್ಲೌಸುಗಳಿಗೆ ಹುಕ್ಕು ಹಾಕುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಹುಕ್ಕಿನ ದಾರ ಕಡಿಯಲು ಬಾಯಿಗೆ ಕೊಂಡೊಯ್ದಾಗ ಮಾತ್ರ, ಮೇಲಿನ ಹಲ್ಲು ಕೆಳದುಟಿಗೆ ತಾಗಿಸಿ ಸದ್ದಿಲ್ಲದೆ ಊದಿ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅಕ್ಟೋಬರಿನಲ್ಲಿ ಮಗಳಿಗೆ ಬೇರೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸಿಹಿ ಕೊಡಲು ಇಬ್ಬರೂ ಬಂದರು. ಮಾತಿನ ನಡುವೆ ಮಗಳಿಗೊಂದು ಫೋನು ಬಂತು, ಹೊಸ ಧಾಟಿಯಲ್ಲಿ ಎರಡು ನಿಮಿಷ ಮಾತಾಡಿ ಇಟ್ಟವಳೇ ಅಮ್ಮನ ಕಡೆ ತಿರುಗಿ, "ಒತ್ತಾಯ್ತು, ಓಗೋಣ್ವಾ?" ಎಂದಳು. ಎರಡು ಸೀರೆಯನ್ನೂ ಚೆನ್ನಾಗಿಯೇ ಉಡುತ್ತಿದ್ದಳು.

ತಾಯಿ ಏಳಲಿಲ್ಲ. "ಮಿಸ್, ಆವತ್ತು ಬೋರ್ಡ್ ಮೇಲೆ ಬರ್ದಿದ್ರಲ್ಲ, ಅದನ್ನ ಇನ್ನೊಂದ್ಸಲ ಬರ್ಕೊಡಿ" ಎಂದಳು. ಅವಳ ಮುಂದೆ ಕ್ಷಮೆಯ ಮಾತೆತ್ತಬೇಕೆಂದು ಮೂರು ತಿಂಗಳಿಂದ ಹವಣಿಸುತ್ತಿದ್ದವಳು ನಾನು. ಅದನ್ನಲ್ಲದೆ ಇದನ್ನು ಕೇಳಿಬಿಟ್ಟಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಟ್ಟೆ. ಕನ್ನಡಕ ಹಾಕಿಕೊಂಡು, ಎರಡು ಕೈಯಲ್ಲೂ ಹಿಡಿದು, ಕ್ಲಾಸಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ಎದ್ದು ನಿಂತಳು. ಒಂದೊಂದೇ ಶಬ್ದ ಬಿಡಿಬಿಡಿಯಾಗಿ ಓದಿದಳು.

"ಇ... ಏಟ್... ಆ್ಯನ್... ಆ್ಯಪಲ್."

ಕೊನೆಯ ಮೂರೂ ಸರಿಯಾಗಿದ್ದವು. ಓದಿ ಮುಗಿಸಿ ನನ್ನ ಮುಖ ನೋಡಿದಳು. ಮಗಳೂ ನೋಡಿದಳು. ಕಾಫಿಗೆ ನೀರಿಟ್ಟು ಬರುತ್ತೇನೆಂದು ನಾನು ಒಳಗೆ ಹೋದೆ.